ಕಡಲಿನ ಹೆಣ್ಣು, ನಕ್ಷತ್ರದ ಹೆಣ್ಣು

"ಮೊದಲು ಅದರ ಮೇಲಿಂದ ಕೈ ತೆಗೀರಿ."

ಅವಳ ದನಿ ತಣ್ಣಗಿತ್ತು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಸದಾ ಬೀಗ ಹಾಕಿರುವ ಗಾಜಿನ ಬೀರು ಬಾಯಿ ತೆರೆದು ನಿಂತಿತ್ತು. ಅದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನೊಬ್ಬ ತೊಡೆಯ ಮೇಲೆ ಪುಸ್ತಕ ಹರಡಿಕೊಂಡು, ತನ್ನದೇ ಮನೆ ಎಂಬಂತೆ ಓದುತ್ತಿದ್ದ.

ಅವನು ತಲೆ ಎತ್ತಿದ. ಗಾಬರಿಯಾಗಲಿಲ್ಲ. ಅದೇ ಅವಳಿಗೆ ಹಿಡಿಸಲಿಲ್ಲ.

"ಬೀಗದವನು. ಮೇಡಂ ಕರೆಸಿದ್ರು."

"ಬೀಗ ಬಾಗಿಲಲ್ಲಿದೆ. ಪುಸ್ತಕದಲ್ಲಲ್ಲ."

"ಎಣ್ಣೆ ಬಿಟ್ಟಿದೀನಿ, ಇಳೀಲಿ ಅಂತ ಕಾಯ್ತಿದ್ದೆ. ನೀವೇನಾ ಗೋಂದಮ್ಮ?"

ಆ ಹೆಸರು ಇವನವರೆಗೂ ಹೋಗಿದೆಯೇ... ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಅವಳದು. ಬೆರಳಿಂದ ಗೋಂದಿನ ವಾಸನೆ ಹೋಗದು ಎಂದು ಜೊತೆಯವರು ಇಟ್ಟ ಹೆಸರದು.

ಬೀರುವಿನಲ್ಲಿದ್ದದ್ದು ಏಳು ಸಂಪುಟಗಳು. ದೇಶದೇಶಗಳ ಕಥೆಗಳು. ಕೊಕ್ಕರೆ ಹೆಣ್ಣಾಗಿ ಬಂದು ತನ್ನ ಗರಿಯಿಂದಲೇ ಬಟ್ಟೆ ನೇಯ್ದದ್ದು, ಸೂರ್ಯನ ತಂಗಿಯನ್ನು ಹುಡುಕಿ ಹೋದ ಕುರುಬ, ಚಿನ್ನದ ಸೇಬು ಕದ್ದ ಹಕ್ಕಿ... ಅವಳು ಅವನ್ನೆಲ್ಲ ಬಾಲ್ಯದಲ್ಲಿ ಇದೇ ಕೋಣೆಯಲ್ಲಿ ಓದಿದ್ದಳು. ದೊಡ್ಡವಳಾದ ಮೇಲೆ ಎರಡು ವರ್ಷ ಕೂತು, ಒಂದೊಂದನ್ನೂ ಬಿಚ್ಚಿ ಮತ್ತೆ ಹೊಲಿದಿದ್ದಳು. ಕಳೆದ ವರ್ಷ ಸಕ್ಕರೆಯಂಥ ಮಾತಿನ ಓದುಗನೊಬ್ಬ ಬ್ಲೇಡಿನಿಂದ ಮೂರು ಬಣ್ಣದ ಚಿತ್ರ ಕೊಯ್ದುಕೊಂಡು ಹೋದ. ಅವನಿಗೆ ಚಹಾ ಕೊಟ್ಟವಳು ಇವಳೇ! ಅಂದಿನಿಂದ ಗ್ರಂಥಪಾಲಕಿಯ ಮಾತು ಒಂದೇ: "ಇನ್ನೊಂದು ಸಲ ಹೀಗಾದ್ರೆ ಇವೆಲ್ಲ ಮುಖ್ಯ ಕಚೇರಿಯ ನೆಲಮಾಳಿಗೆಗೆ. ಆಮೇಲೆ ಇಲಿಗಳೇ ಓದ್ಕೋಬೇಕು."

ಹಾಗಾಗಿ, ಬೀಗದವನು ಮನೆಗೊಂದು ಸಂಪುಟ ಕೇಳಿದಾಗ ಅವಳ ಹುಬ್ಬು ಗಂಟಿಕ್ಕಿತು.

"ಅಕ್ಕನಿಗೆ ಕಣ್ಣು ಕಾಣಲ್ಲ. ಸಂಜೆ ಓದಿ ಹೇಳ್ತೀನಿ," ಎಂದ.

ಗ್ರಂಥಪಾಲಕಿ ಕರಗಿದಳು. ಇವಳು ಕರಗಲಿಲ್ಲ. ಕಾಣದ ಅಕ್ಕ... ನಮ್ಮ ಕಣ್ಣಿಗೂ ಕಾಣದ ಅಕ್ಕ!

ಬೀಗ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಎರಡನೇ ವಾರ ಸ್ಪ್ರಿಂಗ್ ಸಡಿಲ ಎಂದ. ಮೂರನೇ ವಾರ ಬೀಗದ ನಾಲಗೆ ಕೂರುತ್ತಿಲ್ಲ ಎಂದ. ಬಂದಾಗಲೆಲ್ಲ ಒಂದು ಸಂಪುಟ ಕೊಟ್ಟು ಇನ್ನೊಂದು ಒಯ್ಯುತ್ತಿದ್ದ. ಅವನು ಹೋದ ಕೂಡಲೇ ಅವಳು ಕೂತು ಪುಟದ ಅಂಕಿಗಳನ್ನು ಒಂದೊಂದಾಗಿ ಎಣಿಸುವಳು. ಎಲ್ಲವೂ ಇರುತ್ತಿದ್ದವು. ಹಾಗಿದ್ದರೆ ಇವನಿಗೆ ಬೇಕಾದದ್ದೇನು?

ಅವನು ಕೆಲಸ ಮಾಡುವಾಗ ತುಟಿ ಬಿಗಿಹಿಡಿಯುವುದು, ಕೀಲಿಯನ್ನು ಕಿವಿಯ ಹತ್ತಿರ ತಂದು ತಿರುಗಿಸುವುದು, ಪುಸ್ತಕ ಮುಟ್ಟುವ ಮೊದಲು ಕೈಯನ್ನು ಎರಡೆರಡು ಸಲ ಒರೆಸಿಕೊಳ್ಳುವುದು, ಎಲ್ಲವನ್ನೂ ಅವಳು ಗಮನಿಸಿದ್ದಳು. ಕಾವಲು ಕಾಯುವವಳು ಗಮನಿಸಬೇಕಲ್ಲವೇ? ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಐದನೇ ವಾರ ಅವನು ನಾಲ್ಕನೇ ಸಂಪುಟ ಹಿಂದಿರುಗಿಸಿದ.

"ಕಡಲಿನ ಹೆಣ್ಣಿನ ಕಥೆ ಓದಿದ್ರಾ?" ಸೂಜಿಗೆ ದಾರ ಪೋಣಿಸುತ್ತ, ಏನೂ ಅರಿಯದವಳಂತೆ ಕೇಳಿದಳು.

"ಓದ್ದೆ. ಸೀಲ್ ಅನ್ನೋ ಕಡಲಪ್ರಾಣಿಯ ಚರ್ಮ ಕಳಚಿಟ್ಟು ದಡಕ್ಕೆ ಬರ್ತಾಳೆ. ಒಬ್ಬ ಮೀನುಗಾರ ಅದನ್ನ ಬಚ್ಚಿಟ್ಟು ಅವಳನ್ನ ಮದುವೆ ಆಗ್ತಾನೆ. ಏಳು ವರ್ಷ ಆದ್ಮೇಲೆ ಅಟ್ಟದಲ್ಲಿ ಸಿಗತ್ತೆ."

"ಕೊನೆಗೆ?"

"ಹೊರಟು ಹೋಗ್ತಾಳೆ. ಆದ್ರೆ ವರ್ಷಕ್ಕೊಂದು ದಿನ ಹಕ್ಕಿಗಳೆಲ್ಲ ರೆಕ್ಕೆ ಜೋಡಿಸಿ ಸೇತುವೆ ಮಾಡ್ತಾವಲ್ಲ, ಅದರ ಮೇಲೆ ಬಂದು ಗಂಡ ಮಕ್ಕಳನ್ನ ನೋಡ್ತಾಳೆ. ಅಕ್ಕ ಅತ್ತೇಬಿಟ್ಲು."

ಅವಳ ಕೈಯಲ್ಲಿ ಸೂಜಿ ನಿಂತಿತು.

ಕಡಲಿನ ಹೆಣ್ಣು ಮತ್ತೆ ಬರುವುದೇ ಇಲ್ಲ. ಹಕ್ಕಿಗಳ ಸೇತುವೆ ಬೇರೆಯದೇ ದೇಶದ ಕಥೆ. ಆಕಾಶದಲ್ಲಿ ಬಟ್ಟೆ ನೇಯುವ ನಕ್ಷತ್ರದ ಹೆಣ್ಣಿನದು. ಅದಿರುವುದು ಮೂರನೇ ಸಂಪುಟದಲ್ಲಿ.

"ಮತ್ತೆ ಮೂರನೇದರಲ್ಲಿ ನೇಯುವವಳು?"

"ಅದು ಬೇಜಾರು. ಮಕ್ಕಳನ್ನ ಒಂದು ಸಲ ನೋಡಿ ನೀರಲ್ಲಿ ಮುಳುಗಿ ಹೋಗ್ತಾಳೆ. ಮತ್ತೆ ಬರಲ್ಲ."

"ಆಕಾಶದವಳಿಗೆ ನೀರೆಲ್ಲಿಂದ ಬಂತು?"

"ನಕ್ಷತ್ರದ ಹೊಳೆ ಇದೆಯಲ್ಲ... ಅದರಲ್ಲೇ ಅನ್ಕೊಂಡೆ."

ಕೇಳಿದ ಕೂಡಲೇ ಉತ್ತರ. ಎಷ್ಟು ನಯ! ಇವನು ಎಲ್ಲೋ ಕೇಳಿದ್ದನ್ನು ಕಲಸಿ ಹೇಳುತ್ತಿದ್ದಾನೆ, ಒಂದು ಪುಟವನ್ನೂ ಓದಿಲ್ಲ. ಓದದವನಿಗೆ ಈ ಬೀರು ಯಾಕೆ ಬೇಕು? ಸೊಂಟದಲ್ಲಿ ಗೊಂಚಲು ಗೊಂಚಲು ಕೀಲಿ ಕಟ್ಟಿಕೊಂಡವನಿಗೆ...

ಅವಳು ಐದನೇ ಸಂಪುಟ ಕೊಡದೆ ನೇರವಾಗಿ ಗ್ರಂಥಪಾಲಕಿಯ ಮೇಜಿಗೆ ಹೋದಳು.

ಮರುದಿನ ಅವನನ್ನು ಕರೆಸಿ, ಇನ್ನು ಪುಸ್ತಕವೂ ಇಲ್ಲ, ಕೆಲಸವೂ ಇಲ್ಲ ಎಂದು ಹೇಳಿದ್ದಾಯಿತು. ಹೋಗುವ ಮುಂಚೆ ಅವನು ಇವಳ ಕೋಣೆಯ ಹೊಸ್ತಿಲಲ್ಲಿ ನಿಂತ.

"ನೀವು ಹೇಳಿದ್ರಾ?"

"ಹೌದು. ಓದದೇ ಓದಿದೆ ಅಂದ್ರಿ."

ಅವನು ಸೊಂಟದ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಬೀಗದವನನ್ನ ಕಳ್ಳ ಅಂದ್ರೆ ನಮಗೆ ನೋವಾಗಲ್ಲ. ಕೇಳಿ ಕೇಳಿ ರೂಢಿ ಆಗಿದೆ. ಆದ್ರೆ ಓದಿಲ್ಲ ಅಂದ್ರಲ್ಲ... ಅಕ್ಕ ಸಂಜೆ ಐದನೇದು ಎಲ್ಲಿ ಅಂತಾಳೆ. ಏನು ಹೇಳ್ಲಿ?"

ಅವನು ಹೋದ. ಗೆದ್ದವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಎದೆಯಲ್ಲಿ ಮುಳ್ಳು ಮುರಿದ ಹಾಗೆ ಏನೋ ಚುಚ್ಚುತ್ತಿತ್ತು.

ತಾನೇ ಸರಿ ಎಂದು ಖಾತ್ರಿ ಮಾಡಿಕೊಳ್ಳಲೆಂದೇ ಅವಳು ಆ ಮಧ್ಯಾಹ್ನ ನಾಲ್ಕನೇ ಸಂಪುಟ ತೆರೆದಳು. ಈ ಸಲ ಅಂಕಿ ಎಣಿಸಲಿಲ್ಲ, ಓದಿದಳು. ತೊಂಬತ್ತಾರನೇ ಪುಟದ ಕೊನೆಯ ಸಾಲಿನಲ್ಲಿ ಕಡಲಿನ ಹೆಣ್ಣು ಚರ್ಮವನ್ನು ಅವಚಿಕೊಂಡು ದಡದತ್ತ ಓಡಿದಳು. ಕಣ್ಣು ಎದುರಿನ ಪುಟಕ್ಕೆ ಹೋಯಿತು. ತೊಂಬತ್ತೇಳು.

"ಅಂದಿನಿಂದ ವರ್ಷಕ್ಕೊಂದು ದಿನ ಹಕ್ಕಿಗಳು ರೆಕ್ಕೆ ಜೋಡಿಸಿ ಸೇತುವೆ ಕಟ್ಟುತ್ತವೆ..."

ಅವಳು ಮೂರನೇ ಸಂಪುಟವನ್ನೂ ಎಳೆದು ತೊಂಬತ್ತೇಳನೇ ಪುಟ ತೆರೆದಳು: ಕಡಲಿನ ಹೆಣ್ಣು ಅಲ್ಲಿದ್ದಳು.

ಹಾಳೆಗಳನ್ನು ಮಡಚಿ ಪುಟ್ಟ ಪುಟ್ಟ ಕಂತೆ ಮಾಡಿ, ಕಂತೆಗಳನ್ನು ಒಂದರ ಬೆನ್ನಿಗೊಂದು ಹೊಲಿದರೆ ಪುಸ್ತಕ. ಮೂರನೇ ಸಂಪುಟಕ್ಕೂ ನಾಲ್ಕನೇ ಸಂಪುಟಕ್ಕೂ ಏಳೇ ಕಂತೆ. ಎರಡರಲ್ಲೂ ಕೊನೆಯ ಕಂತೆ ನಾಲ್ಕೇ ಪುಟದ್ದು, ಎರಡೂ ತೊಂಬತ್ತೇಳರಿಂದಲೇ ಶುರು. ಹೊಲಿಯುವ ದಿನ ಅವೆರಡನ್ನೂ ಅವಳು ಅದಲುಬದಲು ಮಾಡಿದ್ದಳು. ಅಂಕಿ ಎಣಿಸುವವಳಿಗೆ ಎಲ್ಲವೂ ಸರಿಯಾಗಿಯೇ ಇತ್ತು. ನಡುವೆ ಅವಳದೇ ದಾರ, ಅವಳದೇ ಗಂಟು.

ಅವನು ಓದಿದ್ದ. ಅಕ್ಷರ ಅಕ್ಷರವನ್ನೂ ಓದಿದ್ದ...

ಅವಳು ಎರಡೂ ಸಂಪುಟಗಳನ್ನು ಗ್ರಂಥಪಾಲಕಿಯ ಮುಂದಿಟ್ಟು ಎಲ್ಲ ಹೇಳಿದಳು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ವಾರವಾರ ಎಣಿಸಿದೀಯಲ್ಲೇ. ಒಂದು ಸಲವೂ ಓದ್ಲಿಲ್ವಾ?"

"ಕಥೆ ನಂಗೆ ಗೊತ್ತು ಅನ್ಕೊಂಡಿದ್ದೆ ಮೇಡಂ."

"ಹ್ಞೂಂ. ಮನುಷ್ಯರ ವಿಷಯದಲ್ಲೂ ನೀನು ಹಾಗೇ ಅನ್ಕೊಂಡೆ. ಹೋಗು, ಬರಿಗೈಲಿ ಹೋಗಬೇಡ. ಎರಡನ್ನೂ ತಗೊಂಡು ಹೋಗು."

ಅವನ ಮನೆ ಬೀಗದಂಗಡಿಯ ಹಿಂದಿನ ಎರಡು ಕೋಣೆ. ಬಾಗಿಲ ಬಳಿ ಒಬ್ಬ ಹೆಂಗಸು ಮಡಿಲ ತುಂಬ ಕೀಲಿ ಹರಡಿಕೊಂಡು, ಬೆರಳಿಂದ ತಡವಿ ತಡವಿ ಜಾತಿ ಜಾತಿಯಾಗಿ ಬೇರೆ ಮಾಡುತ್ತಿದ್ದಳು. ಕಣ್ಣು ಎಲ್ಲೋ ಗೋಡೆಯ ಮೇಲಿತ್ತು.

ಅಕ್ಕ ಇದ್ದಳು. ನಿಜಕ್ಕೂ ಇದ್ದಳು.

"ಯಾರದು, ಗೋಂದಮ್ಮನಾ?" ಅಕ್ಕ ಮೂಗರಳಿಸಿದಳು. "ಲೋ, ಬಾರೋ. ವಾರವಾರ ನಿನ್ನ ಅಂಗೀಲಿ ಬರ್ತಿದ್ದ ಗೋಂದಿನ ವಾಸನೆ ಕಾಲು ಬಂದು ನಡ್ಕೊಂಡು ಬಂದಿದೆ."

ಅವನು ಬಂದ. ಕೂರಿ ಎನ್ನಲಿಲ್ಲ. ಅವಳು ನಿಂತೇ ಹೇಳಿದಳು. ಕಂತೆ, ದಾರ, ತೊಂಬತ್ತೇಳನೇ ಪುಟ.

"ತಪ್ಪು ನಂದು. ಸುಳ್ಳ ಅಂದಿದ್ದು ನಿಮ್ಮನ್ನ. ಮೇಡಮ್ಮಿಗೂ ಹೇಳಿದೀನಿ. ನೀವು ಬೈದ್ರೆ ಬೈಸ್ಕೊಳ್ಳೋಕೇ ಬಂದೆ."

ಅಕ್ಕನಿಗೆ ತಡೆಯಲಾಗಲಿಲ್ಲ.

"ಬೈಯೋದು ಆಮೇಲಾಗ್ಲಿ. ಮೊದಲು ನಿಜವಾದ ಕೊನೆ ಓದಮ್ಮ."

ಅವಳು ಮೂರನೇ ಸಂಪುಟದ ಕೊನೆಯ ಕಂತೆ ತೆರೆದು ಓದಿದಳು. ಕಡಲಿನ ಹೆಣ್ಣು ಅಲೆಯ ನಡುವಿಂದ ಒಮ್ಮೆ ತಲೆ ಎತ್ತಿ ಮಕ್ಕಳನ್ನು ನೋಡಿದಳು, ಮುಳುಗಿದಳು. ಮತ್ತೆ ಬರಲಿಲ್ಲ.

ಅಕ್ಕ ಒಂದು ಕೀಲಿಯನ್ನು ಬಹಳ ಹೊತ್ತು ತಡವಿದಳು. "ಸರಿಯಾಗೇ ಇದೆ. ಬಚ್ಚಿಟ್ಟು ಸಂಸಾರ ಮಾಡಿದವನ ಹತ್ತಿರ ಯಾರಮ್ಮ ಇರ್ತಾರೆ." ಆಮೇಲೆ ಮಡಿಲ ಕೀಲಿಗಳನ್ನು ಡಬ್ಬಿಗೆ ಸುರಿದು, ಗೋಡೆ ಹಿಡಿದು ಒಳಗೆ ನಡೆದಳು. "ಒಲೆ ಮೇಲೆ ಹಾಲಿದೆ."

ಹಾಲು ಉಕ್ಕುವ ಸದ್ದೇನೂ ಇರಲಿಲ್ಲ.

ಅವನು ಗಂಟಲು ಸರಿಮಾಡಿಕೊಂಡ. "ನಾನೂ ಒಂದು ಬಚ್ಚಿಟ್ಟಿದೀನಿ. ಆ ಬೀಗ ಮೊದಲನೇ ದಿನವೇ ಸರಿಹೋಗಿತ್ತು."

"ಏನು?"

"ಸ್ಪ್ರಿಂಗು, ನಾಲಗೆ, ಎಲ್ಲ ಸುಳ್ಳು. ನಿಮಗೆ ಅನುಮಾನ ಬಂದಿದ್ದು ತಪ್ಪಲ್ಲ. ನಾನು ಕಥೆಗೆ ಮಾತ್ರ ಬರ್ತಿರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಸಿಟ್ಟು ಬರಬೇಕಿತ್ತು. ಹುಡುಕಿದಳು, ಸಿಗಲಿಲ್ಲ. ನಾಲ್ಕು ವಾರ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದೆಲ್ಲ ಅನುಮಾನ ಒಂದೇ ಆಗಿತ್ತೇ... ಇವನು ಇಷ್ಟು ನೇರವಾಗಿ ಹೇಳಿದ ಮೇಲೆ ತಾನೂ ಬಚ್ಚಿಡುವುದು ಹೇಗೆ?

"ಕಾವಲು ಕಾಯೋಕೆ ಅಂತ ನಿಮ್ಮನ್ನ ನೋಡ್ತಿದ್ದೆ," ಎಂದಳು, ನೆಲ ನೋಡುತ್ತ. "ನೀವು ಬರದ ದಿನವೂ ಬಾಗಿಲ ಕಡೆ ನೋಡ್ತಿದ್ದೆ. ಅದು ಯಾವ ಕಾವಲೋ ಗೊತ್ತಿಲ್ಲ."

ಅವನು ನಗಲಿಲ್ಲ. ಮಗುವಿನ ನಿದ್ದೆ ಕೆಡಿಸದಂತೆ ಮಾತಾಡುವವನ ಹಾಗೆ, ಮೆಲ್ಲಗೆ ಕೇಳಿದ.

"ನಾಳೆ ಬರ್ಲಾ?"

"ಯಾವ ಬೀಗವೂ ಕೆಟ್ಟಿಲ್ಲ."

"ಅದಕ್ಕೇ ಕೇಳ್ತಿರೋದು."

ಅವಳು ತಲೆ ಎತ್ತಿ, ಈ ಸಲ ಯಾವ ನೆಪವೂ ಇಲ್ಲದೆ ಅವನನ್ನೇ ನೋಡಿದಳು.

"ಬನ್ನಿ."