ಮಿತಿ ಅಳಿಸಿದ ಕೈ

ಇನ್ಸ್‌ಪೆಕ್ಟರಿಗೆ ಸಿ ಎಂಬ ಕಂಪ್ಯೂಟರ್ ಭಾಷೆ ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಮುಖ ಓದುವುದು. ಈ ಕೇಸಿನಲ್ಲಿ ಮುಖಗಳು ಕಡಿಮೆ, ಕೋಡ್ ಹೆಚ್ಚು.

ಬೆಳಿಗ್ಗೆ ಬೇಕರಿಯವನಿಗೆ ಎದೆನೋವು ಬಂದಿತ್ತು. ಹೆಂಡತಿ ಆಂಬುಲೆನ್ಸ್ ಕೇಂದ್ರಕ್ಕೆ ಫೋನ್ ಮಾಡಿದ್ದಳು. ಅದೇ ಹೊತ್ತಿಗೆ ಅಲ್ಲಿನ ಕಂಪ್ಯೂಟರುಗಳೆಲ್ಲ ಕಲ್ಲಿನಂತೆ ಕೂತವು. ಗಾಡಿ ಅಂಗಳದಲ್ಲೇ ನಿಂತಿತ್ತು. ವಿಳಾಸ ಡ್ರೈವರನ ಕೈಗೆ ಸಿಗುವಷ್ಟರಲ್ಲಿ ಬೇಕರಿಯವನು ಹೋಗಿಬಿಟ್ಟಿದ್ದ.

ಕೇಂದ್ರದ ಟೆಕ್ನೀಷಿಯನ್ ಕಾರಣ ಹುಡುಕಿಟ್ಟಿದ್ದ. ಬೇರೊಂದು ಕರೆಯ ವಿಳಾಸ ಹೊಡೆಯುವಾಗ ಸೊನ್ನೆಯ ಕೀ ಅಂಟಿಕೊಂಡು ಸೊನ್ನೆಗಳ ಸಾಲೇ ಬಿದ್ದಿತ್ತು. ವಿಳಾಸದಲ್ಲಿ ಮನೆ ನಂಬರ್ ಯಾವುದು, ಬೀದಿ ಯಾವುದು ಎಂದು ಗುರುತಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿ, ಅಂದರೆ ಹೊರಗಿನವರು ಬರೆದುಕೊಟ್ಟ ಸಿದ್ಧ ಕೋಡ್, ಆ ಸಾಲನ್ನು ಸಾಧ್ಯವಿರುವ ಎಲ್ಲ ಬಗೆಯಲ್ಲೂ ತುಂಡು ಮಾಡಿ ನೋಡುತ್ತಲೇ ಇತ್ತು. ಉಳಿದ ಕರೆಗಳೆಲ್ಲ ಅದರ ಹಿಂದೆ ಸಿಕ್ಕಿಕೊಂಡವು.

"ಇಷ್ಟು ಸಲ ನೋಡಿ ಸಿಗದಿದ್ರೆ ಕೈಬಿಡು ಅಂತ ಅದರಲ್ಲೊಂದು ಮಿತಿ ಇತ್ತು ಸರ್. ಹೊಸ ಆವೃತ್ತೀಲಿ ಅಳಿಸಿದಾರೆ."

"ಯಾರು?"

"ಬದಲಾವಣೆಯ ಕೆಳಗೆ ಆ ಲೈಬ್ರರಿ ನೋಡ್ಕೊಳ್ಳೋ ಹೆಂಗಸಿನ ಹೆಸರೇ ಇದೆ."

"ಇಲ್ಲಿ ತಂದು ಹಾಕಿದ್ದು ನೀನು. ಪರೀಕ್ಷೆ ಮಾಡಿದ್ಯಾ? ಇಲ್ಲ ನೀನೇ ಏನಾದ್ರೂ ಕೈಯಾಡಿಸಿದ್ಯಾ?"

ಅವನು ನೆಲ ನೋಡಿದ. "ಅವರು ಕಳಿಸಿದ್ದನ್ನ ಯಾರೂ ಪರೀಕ್ಷೆ ಮಾಡಲ್ಲ ಸರ್. ಬ್ರೇಕಮ್ಮ ಅಂತಲೇ ಕರೀತೀವಿ. ಎಲ್ಲದಕ್ಕೂ ಬ್ರೇಕ್ ಹಾಕೋರು."

* * *

ಬ್ರೇಕಮ್ಮನ ಮನೆಯ ಮುಂದಿನ ಕೋಣೆಯೇ ಆಫೀಸು. ಎರಡು ಮೇಜು. ಒಂದು ಆಕೆಯದು, ಇನ್ನೊಂದು ಆಕೆಯೇ ಸಾಕಿ ಕೆಲಸ ಕಲಿಸಿದ ಮೈದುನನದು. ಅವನ ಮೇಜಿನ ಮೇಲಿನ ಗೋಡೆಗೆ ಹೊಸ ಚಾರ್ಟ್ ಅಂಟಿಸಿತ್ತು: ಲೈಬ್ರರಿಗಳ ವೇಗದ ಹೋಲಿಕೆ. ಇವರದೇ ಮೊದಲು. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಯಂತ್ರ ಗುರ್ರೆನ್ನುತ್ತಿತ್ತು.

"ಇದ್ಯಾಕೆ ಇನ್ನೂ?" ಇನ್ಸ್‌ಪೆಕ್ಟರ್ ಕೇಳಿದ.

ಮೈದುನ ನಕ್ಕ. "ಅತ್ತಿಗೆಯ ತವರಿನ ಬಳುವಳಿ ಅಂದ್ಕೊಳ್ಳಿ. ಇದು ಒಪ್ಪದೆ ಮನೆಯಿಂದ ಕೋಡಿನ ಒಂದಕ್ಷರ ಆಚೆ ಹೋಗಲ್ಲ."

"ನೀರು ಸರಬರಾಜಿನವರ ಹತ್ರ ಇನ್ನೂ ಇಂಥವೇ ಇವೆ," ಎಂದಳು ಆಕೆ. "ಅವರೂ ನಮ್ಮ ಲೈಬ್ರರೀನೇ ಬಳಸ್ತಾರೆ."

ಇನ್ಸ್‌ಪೆಕ್ಟರ್ ಆ ಬದಲಾವಣೆಯನ್ನು ಪರದೆಯ ಮೇಲೆ ತೋರಿಸಿದ. ಆಕೆ ಓದಿದಳು. ಒಂದು ಸಾಲಿಗೆ ಬಂದು ಕಣ್ಣು ನಿಂತಿತು. ಮೈದುನನ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಟ್ಟಳು.

"ನನ್ನ ಹೆಸರಲ್ಲಿದೆ. ನಂದೇ ಅಂತ ಬರ್ಕೊಳ್ಳಿ."

"ಜೈಲಾಗುತ್ತಮ್ಮಾ."

"ಗೊತ್ತು."

"ಹಾಗಾದ್ರೆ ಇದನ್ನ ಆ ಹಳೇ ಯಂತ್ರದಲ್ಲಿ ಕಂಪೈಲ್ ಮಾಡಿ, ಅದು ಒಪ್ಪುತ್ತಾ ತೋರಿಸಿ."

ಆಕೆಯ ಕೈ ಏಳಲಿಲ್ಲ. ಇನ್ಸ್‌ಪೆಕ್ಟರ್ ಟೆಕ್ನೀಷಿಯನ್‌ಗೆ ಫೋನ್ ಮಾಡಿ, ಅವನು ಹೇಳಿದಂತೆ ತಾನೇ ಒತ್ತಿದ. ಯಂತ್ರ ಸ್ವಲ್ಪ ಯೋಚಿಸಿ ದೋಷ ತೋರಿಸಿತು. ಆಕೆಯ ಕಣ್ಣು ನಿಂತಿದ್ದ ಅದೇ ಸಾಲು.

* * *

"ಹಳೇ ಸಿ ಪ್ರಕಾರ ಕೋಡಲ್ಲಿ ಬಳಸೋ ಹೆಸರುಗಳನ್ನೆಲ್ಲ ಶುರುವಲ್ಲೇ ಘೋಷಿಸಬೇಕಂತೆ," ಎಂದ ಇನ್ಸ್‌ಪೆಕ್ಟರ್, ಫೋನ್ ಇಟ್ಟು. "ಇಲ್ಲಿ ಕೆಲಸದ ನಡುವೆ ಘೋಷಿಸಿದೆ. ಹೊಸಬರ ಅಭ್ಯಾಸ. ನಿಮ್ಮತ್ತಿಗೆ ಕಳಿಸಿದ್ರೆ ಈ ಯಂತ್ರದಲ್ಲೇ ಸಿಕ್ಕಿಬೀಳ್ತಿತ್ತು."

"ಬೇಕಂತಲೇ ಹಾಗೆ ಬರೆದಿರಬಹುದಲ್ಲ?" ಮೈದುನನ ನಗು ಮಾಯವಾಗಿತ್ತು.

"ಕೈಬರಹ ಮರೆಮಾಚಿ, ಕೆಳಗೆ ತನ್ನ ಹೆಸರೇ ಹಾಕ್ತಾರೇನಪ್ಪ?"

"ಹೊರಗಿನವರು ಯಾರಾದ್ರೂ…"

"ನಾನೂ ಟೆಕ್ನೀಷಿಯನ್ ಮೇಲೆ ಅನುಮಾನ ಪಟ್ಟೆ. ಆದ್ರೆ ಮಿತಿಯ ಜೊತೆ, ಅದು ಕೆಲಸ ಮಾಡುತ್ತಾ ಅಂತ ನೋಡೋ ಒಂದು ಟೆಸ್ಟನ್ನೂ ಅಳಿಸಿದಾರಂತೆ. ಮಿತಿ ಇಲ್ಲದಿದ್ರೆ ಆ ಟೆಸ್ಟ್ ಮುಗಿಯೋದೇ ಇಲ್ಲ. ಕೆಡಿಸೋಕೆ ಬಂದವನು ಟೆಸ್ಟ್ ಓಡಿಸ್ತಾ ಕೂರಲ್ಲ. ಇವನು ಓಡಿಸಿದಾನೆ, ಕಾದಿದಾನೆ, ಬೇಸತ್ತು ಅದನ್ನೇ ತೆಗೆದಿದಾನೆ. ಕಳಿಸೋ ಮುಂಚೆ ಎಲ್ಲ ಟೆಸ್ಟ್ ಓಡಿಸೋದು ಈ ಮನೆಯ ಪಾಠ. ಕಲಿಸಿದವರು ಅಲ್ಲ ಅಂದ್ರೆ ಕಲಿತವನು." ಅವನು ಗೋಡೆಯ ಕಡೆ ಕೈ ತೋರಿಸಿದ. "ಮೊದಲನೇ ಸ್ಥಾನಕ್ಕೆ ಯಾವಾಗ ಬಂದ್ರಿ?"

ಮೈದುನ ಕುರ್ಚಿಯಲ್ಲಿ ಕುಸಿದ. "ಪ್ರತಿ ಸಲ ಎಣಿಸ್ತಾ ಕೂತರೆ ನಿಧಾನ ಆಗುತ್ತೆ. ಎಲ್ಲರೂ ನಮ್ಮದನ್ನ ಎತ್ತಿನ ಗಾಡಿ ಅಂತಿದ್ರು. ಅತ್ತಿಗೆ ಒಪ್ತಿರಲಿಲ್ಲ. ಅವರು ಒಳಗೆ ಹೋದಾಗ ಅವರ ಕಂಪ್ಯೂಟರಿಂದಲೇ ಕಳಿಸ್ದೆ. ಆ ಟೆಸ್ಟಲ್ಲಿರೋ ಹಾಗೆ ಸೊನ್ನೆಗಳ ಸಾಲನ್ನ ಯಾರು ಹೊಡೀತಾರೆ ಅಂದ್ಕೊಂಡೆ."

"ಆ ಟೆಸ್ಟ್ ನಾನ್ಯಾಕೆ ಬರೆದಿದ್ದೆ ಗೊತ್ತಾ?" ಆಕೆ ಮೊದಲ ಸಲ ಅವನ ಕಡೆ ತಿರುಗಿದಳು. "ಕೀ ಅಂಟಿಕೊಳ್ಳುತ್ತೆ ಕಣೋ. ಎಲ್ಲರ ಮನೇಲೂ ಅಂಟಿಕೊಳ್ಳುತ್ತೆ."

"ನೀವ್ಯಾಕೆ ನಿಮ್ಮದು ಅಂದ್ರಿ ಅತ್ತಿಗೆ?"

ಆಕೆ ತನ್ನ ಮೇಜಿನ ಕಡೆ ತಿರುಗಿದಳು. ಅವನನ್ನು ಜೀಪಿಗೆ ಹತ್ತಿಸುವಾಗ ಹೊರಗೆ ಬರಲಿಲ್ಲ. ಕಿಟಕಿಯಿಂದ ಇನ್ಸ್‌ಪೆಕ್ಟರಿಗೆ ಕಂಡಿತು: ಆಕೆ ಕೂತು ಟೆಸ್ಟನ್ನು ಮೊದಲು ವಾಪಸು ಹಾಕಿದಳು, ಆಮೇಲೆ ಮಿತಿಯನ್ನು. ಹಳೇ ಯಂತ್ರ ಒಪ್ಪಿತು.

ಅಳಿಸಿದ ಸಾಲುಗಳೆಲ್ಲ ಮರಳಿ ಬಂದವು. ಹೋದದ್ದು ಬೇಕರಿಯವನ ಜೀವ ಒಂದು, ಎದುರು ಮೇಜಿನ ಮೈದುನ ಒಬ್ಬ.