ಅರವತ್ತನಾಲ್ಕರಲ್ಲಿ ನಲವತ್ತೊಂದು

ಹುಮನಾಬಾದ್ ಆಸ್ಪತ್ರೆಯ ಪಡಸಾಲೆಯಲ್ಲಿ ಕಣ್ಣಿನ ಆಪರೇಷನ್ ಆದ ಮುದುಕಿಯರು ಸಾಲಾಗಿ ಕೂತಿದ್ದರು. ಗಿರಿಜಾ ಅವರ ಕಾರ್ಡುಗಳನ್ನು ನಂಬರಿನ ಪ್ರಕಾರ ಜೋಡಿಸುತ್ತಿದ್ದಾಗ, ಬೆನ್ನ ಹಿಂದೆ ಸರ್ದಾರಬಿ ಪಕ್ಕದ ಜಿಜಾಬಾಯಿಗೆ ಪಾಠ ಹೇಳಿಕೊಡುವುದು ಕೇಳಿಸಿತು.

"ಮೊದ್ಲ ಎರಡು ಬೆರಳ ಎತ್ತತಾನ. ಆಮ್ಯಾಲ ನಾಕು. ಕಡೀಕ ಒಂದು. ನೆಪ್ಪಿಟ್ಕೊ."

ಗಿರಿಜಾಳ ಕೈ ಅಲ್ಲೇ ನಿಂತಿತು. ನಿಮಗೆ ಬೆರಳು ಕಾಣುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

"ಮಬ್ಬ ಮಬ್ಬ ಕಾಣ್ತದ ಬೇಟಿ. ಹಂಗಂತ ಹೇಳಿದ್ರ ಡಾಕ್ಟರ್ ಸಾಹೇಬನ ಮಾರಿ ಸಣ್ಣ ಆಗ್ತದ. ಪಾಪ, ಅವಂಗ ಇನಾಮ್ ಬರೂದದ."

ಅವಳು ಒಳಗೆ ಹೋದಾಗ ಡಾಕ್ಟರ್ ವೈಜನಾಥ ರೋಗಿಯಿಂದ ಆರು ಮೀಟರ್ ದೂರ ನಿಂತು ಎರಡು ಬೆರಳು ಎತ್ತಿದ್ದ.

ಅವನು ಇದೇ ಊರಿನ ಅಂಗಡಿಕಾರರ ಮಗ. ಹೈದರಾಬಾದಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ, ಕೊನೆಯ ವರ್ಷ. ಚಳಿಗಾಲದ ಕ್ಯಾಂಪಿನಲ್ಲಿ ಗುರುಗಳ ಕಣ್ಣೆದುರೇ ಅರವತ್ತನಾಲ್ಕು ಜನರ ಪೊರೆ ತೆಗೆದಿದ್ದ. ಅಂದಿನಿಂದ ಒಂದು ಭಾನುವಾರ ಹುಮನಾಬಾದ್, ಮುಂದಿನ ಭಾನುವಾರ ಬಸವಕಲ್ಯಾಣ ಎಂದು ಬಸ್ಸು ಹಿಡಿದು ಬಂದು ಅವರ ದೃಷ್ಟಿ ಪರೀಕ್ಷಿಸುತ್ತಿದ್ದ. ಮದ್ರಾಸಿನ ಸಮ್ಮೇಳನದಲ್ಲಿ ಕಲಿಯುವ ಸರ್ಜನ್ನರ ಪ್ರಬಂಧಗಳಿಗೆ ಒಂದು ಬಹುಮಾನವಿತ್ತು; ಅವನ ಪ್ರಬಂಧ ಈ ಅರವತ್ತನಾಲ್ಕು ಜನರ ಮೇಲೆಯೇ. ಗೆದ್ದವನಿಗೆ ಮುಂಬೈಯಲ್ಲಿ ಎರಡು ವರ್ಷದ ತರಬೇತಿ. ಆ ಸಂಭ್ರಮ ತಡೆಯಲಾರದೆ ಅವನು ರೋಗಿಗಳಿಗೂ ಹೇಳಿಬಿಟ್ಟಿದ್ದ: ತಪ್ಪದೆ ಬರ್ರಿ, ನಿಮ್ಮ ಕಣ್ಣಾಗ ನನ್ನ ಇನಾಮ್ ಅದ.

ಅವರು ತಪ್ಪದೆ ಬಂದಿದ್ದರು. ಇಲ್ಲಿಯವರೆಗೆ ಎಲ್ಲರ ಉತ್ತರವೂ ಸರಿಯಾಗಿತ್ತು.

ಸರಿ ಎಂದು ಬರೆದವಳು ಗಿರಿಜಾ. ಕಲ್ಯಾಣದ ಹುಡುಗಿ, ಬಿ.ಎಸ್ಸಿ. ಮುಗಿಸಿ ಕ್ಯಾಂಪಿನ ಕಾರ್ಡು ಬರೆಯುವ ಕೆಲಸಕ್ಕೆ ಸೇರಿದ್ದಳು. ಪ್ರತಿ ಸರಿ ಉತ್ತರಕ್ಕೂ ವೈಜನಾಥ ಅವಳತ್ತ ತಿರುಗಿ ಎಡ ಹುಬ್ಬನ್ನಷ್ಟೇ ಮೇಲಕ್ಕೆತ್ತುತ್ತಿದ್ದ. ಅವಳು ತಲೆ ತಗ್ಗಿಸಿ ಬರೆಯುತ್ತಿದ್ದಳು. ತಗ್ಗಿಸುವ ಮುಂಚೆ ಒಂದು ಗಳಿಗೆ ಹೆಚ್ಚು ನೋಡುತ್ತಿದ್ದಳು, ಅಷ್ಟೆ. ನಾಲ್ಕು ತಿಂಗಳಲ್ಲಿ ಅವರ ನಡುವೆ ನಡೆದದ್ದೆಲ್ಲ ಇಷ್ಟೇ. ಇಷ್ಟೇ ಎಂಬುದೇ ಅವಳಿಗೆ ಎಷ್ಟೋ ಸಲ ಸಿಟ್ಟು ತರಿಸುತ್ತಿತ್ತು.

ಆ ದಿನವೂ ಅವನು ಹುಬ್ಬೆತ್ತಿದ. ಅವಳಿಗೆ ಬರೆಯಲು ಕೈ ಬರಲಿಲ್ಲ.

ಆ ವಾರ ಮೂರು ಪತ್ರ ಬರೆದು ಹರಿದಳು. ಹೇಳಿದರೆ ಅವನ ಪ್ರಬಂಧ ನೀರುಪಾಲು. ಹೇಳದಿದ್ದರೆ ಆ ಮುದುಕಿಯರು ಹೀಗೇ ಮಬ್ಬಿನಲ್ಲೇ ಉಳಿಯುತ್ತಾರೆ. ಅದಕ್ಕಿಂತ ಅವಳನ್ನು ಕಾಡಿದ್ದು ಬೇರೆ ಪ್ರಶ್ನೆ: ನಾನು ಹೇಳಹೊರಟಿರುವುದು ಸತ್ಯಕ್ಕಾಗಿಯೋ, ಅವನು ಮುಂಬೈಗೆ ಹೋಗದಿರಲಿ ಎಂದೋ?

ಮುಂದಿನ ಭಾನುವಾರ ಕಲ್ಯಾಣದಲ್ಲಿ, ಪರೀಕ್ಷೆಗೆ ಮುಂಚೆ, ಹೇಳಿಯೇಬಿಟ್ಟಳು.

ವೈಜನಾಥ ಮೊದಲು ನಕ್ಕ. ಆಮೇಲೆ ಅವನ ಮುಖ ಬಿಗಿಯಿತು. ಸಮ್ಮೇಳನಕ್ಕೆ ಹದಿನೈದೇ ದಿನ, ಪ್ರಬಂಧ ಟೈಪಾಗಿದೆ, ಈಗ ಇದನ್ನೆಲ್ಲ ಎಬ್ಬಿಸುವುದು ಯಾಕೆ ಎಂದ. ಯಾರೋ ಮುದುಕಿ ತಮಾಷೆಗೆ ಅಂದದ್ದಿರಬೇಕು ಎಂದ. ಕೊನೆಗೆ ದನಿ ಏರಿಸಿದ.

"ನಾ ಮುಂಬೈಗೆ ಹೋಗೂದು ನಿಮಗ ಬ್ಯಾಡಾಗ್ಯದೇನ್ರಿ?"

ಗಿರಿಜಾ ಮಾತುಗಳನ್ನು ತೂಗಿ ಆಡುವವಳು. ಅವತ್ತು ತೂಗಲು ಪುರಸೊತ್ತಿರಲಿಲ್ಲ.

"ಹೌದ್ರಿ, ಬ್ಯಾಡಾಗ್ಯದ. ಅದು ನನ್ನ ಮಾತು, ಬ್ಯಾರೆ ಇಡ್ರಿ. ಈಗ ಹೇಳಾಕತ್ತಿದ್ದು ಅವ್ರ ಕಣ್ಣಿನ ಮಾತು."

ಅವಳ ಕಿವಿ ಬಿಸಿಯಾಯಿತು. ಆಡಿದ್ದನ್ನು ವಾಪಸು ಪಡೆಯುವ ದಾರಿ ಇರಲಿಲ್ಲ. ಕಾರ್ಡು ತೆಗೆದು ಮೊದಲ ಹೆಸರು ಕೂಗಿದಳು.

ತುಳಜಾಬಾಯಿ ಬಂದು ಸ್ಟೂಲಿನ ಮೇಲೆ ಕೂತಳು. ವೈಜನಾಥ ಮೂರು ಬೆರಳು ಎತ್ತಿದ.

"ಎರಡ್ರಿ," ಎಂದಳು ಠೀವಿಯಿಂದ.

ಅವನು ಬರೀ ಮುಷ್ಟಿ ಹಿಡಿದ.

"ನಾಕು." ಸ್ವಲ್ಪ ತಡೆದು ಆಕೆಯೇ ಕೇಳಿದಳು, "ಬರೋಬರ್ ಹೇಳಿದ್ನಿಲ್ಲೋ ಯಪ್ಪಾ?"

ಅವನ ಕೈ ನಿಧಾನವಾಗಿ ಕೆಳಗಿಳಿಯಿತು. ಆಕೆಯನ್ನು ಬೈಯಲಿಲ್ಲ. ಹತ್ತಿರ ಹೋಗಿ ಕನ್ನಡಕ ತೆಗೆದು ನೋಡಿದ. ಅದು ಜೊತೆಗೇ ಆಪರೇಷನ್ ಆಗಿದ್ದ ಆಕೆಯ ನಾದಿನಿಯದು, ಅದಲುಬದಲಾಗಿತ್ತು.

ಅವನು ಒಂದು ವಾರ ರಜೆ ಹಾಕಿದ. ನಿರ್ಣಾ, ಮನ್ನಾಏಖೇಳ್ಳಿ, ಹುಮನಾಬಾದ್, ಕಲ್ಯಾಣ ಎಂದು ಊರೂರು ಅಲೆದು ಅರವತ್ತನಾಲ್ಕು ಜನರನ್ನೂ ಮತ್ತೆ ಹುಡುಕಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಬೆರಳು ತೋರಿಸಿದ. ಗಿರಿಜಾ ಜೊತೆಗಿದ್ದು ಬರೆದಳು. ಬಸ್ಸಿನಲ್ಲಿ ಅವನು ಹಿಂದಿನ ಸೀಟು, ಅವಳು ಹೆಂಗಸರ ಸೀಟು. ಅವಳು ಬೇರೆ ಇಡಿ ಎಂದ ಮಾತನ್ನು ಅವನು ನಿಜಕ್ಕೂ ಬೇರೆಯೇ ಇಟ್ಟುಬಿಟ್ಟಿದ್ದ. ಹುಬ್ಬೆತ್ತುವುದನ್ನೂ ನಿಲ್ಲಿಸಿದ್ದ. ಇಷ್ಟು ವಿಧೇಯನಾಗು ಎಂದು ಯಾರು ಹೇಳಿದ್ದರು ಎಂದು ಅವಳು ಹಲ್ಲು ಕಚ್ಚಿಕೊಂಡು ಬರೆದಳು. ಕೊನೆಗೆ ಉಳಿದ ಲೆಕ್ಕ: ನಿಜವಾಗಿ ಕಾಣುವವರು ನಲವತ್ತೊಂದು ಜನ.

ಮದ್ರಾಸಿನಲ್ಲಿ ಅವನು ಅದನ್ನೇ ಓದಿದ. ಮೊದಲ ಪರೀಕ್ಷೆ ಹೇಗೆ ಕೆಟ್ಟಿತ್ತು ಎಂಬುದನ್ನೂ ಓದಿದ. ಸಭೆ ನಕ್ಕಿತು. ಬಹುಮಾನ ಬೇರೆಯವನಿಗೆ ಹೋಯಿತು.

ನಂತರದ ಭಾನುವಾರ ಅವನು ಕಲ್ಯಾಣಕ್ಕೆ ಬಂದಾಗ ಗಿರಿಜಾ ಎದ್ದು ನಿಂತು ಕ್ಷಮೆ ಕೇಳಿದಳು. ಅದನ್ನು ಕೇಳಿ ಅವನ ಅಸಮಾಧಾನ ಹೆಚ್ಚೇ ಆಯಿತು. ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದ. ಮಬ್ಬು ಕಾಣುತ್ತಿದ್ದವರಲ್ಲಿ ಹದಿನಾಲ್ಕು ಜನರಿಗೆ ಹೊಸ ಕನ್ನಡಕ ತಂದಿದ್ದ. ಉಳಿದ ಒಂಬತ್ತು ಜನರ ಕಣ್ಣನ್ನು ಗುರುಗಳೇ ಬಂದು ನೋಡಲು ಒಪ್ಪಿದ್ದರು. ಇಷ್ಟನ್ನು ಗೋಡೆಗೆ ಹೇಳುವವನಂತೆ ಹೇಳಿ ಮುಗಿಸಿದ.

"ಸಿಟ್ಟು ಬಂದದ್ರಿ ನಂಗ," ಎಂದ. "ನನ್ನ ಮ್ಯಾಲ ಬಂದದ. ನಕ್ಕವ್ರ ಮ್ಯಾಲ ಬಂದದ. ನಿಮ್ಮ ಮ್ಯಾಲ ಭಾಳ ಬಂದದ. ರೈಲಿನಾಗ ಇಡೀ ದಾರಿ ನಿಮ್ಮ ಜೋಡಿ ಮನಸ್ಸಿನಾಗ ಜಗಳ ಆಡಕೋಂತ ಬಂದೀನಿ."

"ಯಾರು ಗೆದ್ರು?"

"ಇನ್ನಾ ಮುಗದಿಲ್ಲ."

ಅವಳು ಕಾರ್ಡುಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಈ ಸಲ ಒಂದು ಗಳಿಗೆ ಹೆಚ್ಚು ನೋಡಿದ್ದು ಅವನು.

"ನಮ್ಮವ್ವನ್ನ ನಿಮ್ಮ ಮನಿಗಿ ಕಳಸಬೇಕು ಅಂತ ಮಾಡೀನಿ," ಎಂದ, ದನಿ ಇಳಿಸಿ. "ಖರೆ ಈ ಸಿಟ್ಟು ಇಳಿಲಿ ಅಂತ ಕಾಯಾಕತ್ತೀನಿ."

ಅದಕ್ಕೆ ಎಷ್ಟು ದಿನ ಹಿಡಿಯಬಹುದು ಎಂದು ಗಿರಿಜಾ ಕೇಳಿದಳು. ವೈಜನಾಥ ಪ್ರಾಮಾಣಿಕವಾಗಿ ಯೋಚಿಸಿದ. ಭಾಳ ವರ್ಷ ಹಿಡಿಯಬಹುದು ಎಂದ.

ಅವಳು ಕಾರ್ಡುಗಳನ್ನು ಕೆಳಗಿಟ್ಟಳು.

"ಹಂಗಾರ ಈ ವಾರಾನ ಕಳಸ್ರಿ."