ಹಳೇಬೀಡಿನ ಹೆಂಪ್ ಎಳನೀರು

ಎಳನೀರು ಪೂರ್ತಿ ಕುಡಿದು ಬುರುಡೆ ಕೆಳಗಿಟ್ಟ ಮೇಲೆಯೇ ನಾನು ಅಂಗಡಿಯ ಬೋರ್ಡ್ ನೋಡಿದ್ದು. ಹಸಿರು ಬಣ್ಣದಲ್ಲಿ ಉದ್ದುದ್ದ ಬೆರಳುಗಳಂಥ ಎಲೆಯ ಚಿತ್ರ. ಅದರ ಕೆಳಗೆ, ‘ನಮ್ಮ ಸ್ಪೆಷಲ್: ಹೆಂಪ್ ಎಳನೀರು.’

ಪಕ್ಕದ ಟೇಬಲ್ಲಿನಲ್ಲಿ ದೇವಸ್ಥಾನ ನೋಡಿಕೊಂಡು ಬಂದ ಕಾಲೇಜು ಹುಡುಗಿಯರು ಅದನ್ನೇ ಹೀರುತ್ತಾ ಫೋಟೊ ತೆಗೆದುಕೊಳ್ಳುತ್ತಿದ್ದರು.

“ಹೆಂಪ್ ಅಂದ್ರೆ ಏನಮ್ಮ?” ಎಂದೆ.

“ಗಾಂಜಾ ಜಾತಿ ಗಿಡ ಆಂಟಿ,” ಎಂದಳು ಒಬ್ಬಳು, ಜೀರಿಗೆ ಎಂದಷ್ಟೇ ಸಲೀಸಾಗಿ. “ಈಗ ಎಲ್ಲಾ ಕಡೆ ಇದೇ ಟ್ರೆಂಡು. ಬೇಲೂರು ರೋಡಲ್ಲೂ ಸಿಗುತ್ತೆ.”

ನನ್ನ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು. ದಿನವೂ ಸಂಜೆ ಅದರೊಳಗಿನ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡುವವಳು ನಾನು. ಸರ್ವಿಸ್ ಪೂರ್ತಿ ಹೈಸ್ಕೂಲ್ ಮಕ್ಕಳಿಗೆ ಬುದ್ಧಿ ಹೇಳಿದವಳು.

ಏನು ಮಾಡುವುದು, ನಾನು ಅರಸೀಕೆರೆಯವಳು. ಬುರುಡೆಯಲ್ಲಿ ಬಂದದ್ದು ಎಳನೀರೇ ಎಂದು ನಂಬುವ ಊರು ನಮ್ಮದು. ಬಗ್ಗಿ ನೋಡುವುದಿಲ್ಲ, ಉಳಿಸುವುದೂ ಇಲ್ಲ. ಬಂದ ತಕ್ಷಣ ಅಂಗಡಿಯ ಒಡತಿ ಶರ್ಮಿಳಾ ಬುರುಡೆಯನ್ನು ಕೈಗಿತ್ತು ಒಳಗೆ ಹೋಗಿದ್ದಳು. ಗಟಗಟ ಕುಡಿದೆ.

ಅದೂ ಇವತ್ತೇ ಆಗಬೇಕಿತ್ತೇ. ಶರ್ಮಿಳಾಳ ತಂದೆ ಬಸವಕುಮಾರ್ ಅವರಿಗೆ ನಾನು ಇವತ್ತು ಉತ್ತರ ಹೇಳಬೇಕಿತ್ತು.

ಅವರದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ನನ್ನ ಚಿಕ್ಕ ತೋಟದ ಕೊಬ್ಬರಿ ಅಲ್ಲಿಗೇ ಹೋಗುತ್ತದೆ. ನಾನು ಹೋಗುವ ಹೊತ್ತಿಗೆ ಒಂದು ಕುರ್ಚಿ ನೆರಳಿನಲ್ಲಿ ಇರುತ್ತಿತ್ತು. ಮಧ್ಯಾಹ್ನ ಹೋದರೆ ಮರದ ಈ ಕಡೆ, ಸಂಜೆ ಹೋದರೆ ಆ ಕಡೆ. ಕೆಲಸದವರು ಇಡುತ್ತಾರೆ ಎಂದುಕೊಂಡಿದ್ದೆ. ಒಮ್ಮೆ ಬೇಗ ಹೋದಾಗ ಅವರೇ ಕುರ್ಚಿ ಎತ್ತಿಕೊಂಡು ನೆರಳು ಹುಡುಕುತ್ತಾ ನಿಂತಿದ್ದರು. ಸಿಕ್ಕಿಬಿದ್ದವರ ಹಾಗೆ ನಕ್ಕರು. ಆ ನಗುವನ್ನು ನಾನು ಮನೆಗೆ ಕೊಂಡೊಯ್ದೆ.

ಅವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿವೆ. ನನ್ನ ಯಜಮಾನರು ಹೋದದ್ದು ಅದಕ್ಕೂ ಮೊದಲು. ಹೋದ ತಿಂಗಳು ಅವರು ಕೇಳಿದರು, “ಪುಷ್ಪಲತಾ ಅವ್ರೇ, ಇನ್ನು ಮುಂದೆ ಒಟ್ಟಿಗೆ ಇರೋಣ್ವಾ? ಮದ್ವೆ ಮಾಡ್ಕೊಂಡು, ಮರ್ಯಾದೆಯಾಗಿ.”

ಯೋಚನೆ ಮಾಡಬೇಕು ಎಂದಿದ್ದೆ.

“ಮಾಡಿ. ಹಳೇಬೀಡಲ್ಲಿ ಮಗಳು ಅಂಗಡಿ ಇಟ್ಟಿದ್ದಾಳೆ, ನೋಡೋಕೆ ಬನ್ನಿ. ಅಲ್ಲೇ ಹೇಳಿ. ಇಲ್ಲ ಅಂದ್ರೂ ಎಳನೀರು ಕುಡ್ಕೊಂಡು ಹೋಗೋರಂತೆ.”

ಕುಡಿದದ್ದಂತೂ ಆಯಿತು.

ಈಗ ಎದೆ ಡವಡವ ಅನ್ನುತ್ತಿತ್ತು. ಕಿವಿ ಬೆಚ್ಚಗಾಗಿತ್ತು. ರಸ್ತೆಯಲ್ಲಿ ಒಂದು ಮೇಕೆ ಬಸ್ಸಿಗೆ ದಾರಿ ಬಿಡದೆ ಮೆಲುಕು ಹಾಕುತ್ತಾ ನಿಂತಿದ್ದು ನೋಡಿ ನಗು ಬಂತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಏರುತ್ತಿದೆ ಎಂದುಕೊಂಡೆ.

ಅದೇ ಬಸ್ಸಿನಿಂದ ಅವರು ಇಳಿದರು. ಒಟ್ಟಿಗೆ ಬಂದರೆ ಊರು ಮಾತಾಡುತ್ತದೆ ಎಂದು ನಾನೇ ಮುಂಚಿನ ಬಸ್ಸಿಗೆ ಬಂದಿದ್ದೆ. ಬಿಳಿ ಶರಟು, ಹೊಸದಾಗಿ ಕತ್ತರಿಸಿದ ಕೂದಲು, ಕಿವಿಯ ಹಿಂದೆ ಒರೆಸದೆ ಉಳಿದ ಪೌಡರ್. ಎದೆಬಡಿತ ಇನ್ನೂ ಜೋರಾಯಿತು.

“ತುಂಬಾ ಹೊತ್ತಾಯ್ತಾ ಬಂದು?”

“ಹತ್ರ ಬರಬೇಡಿ. ನಾನು ಗಾಂಜಾ ಕುಡಿದಿದ್ದೀನಿ.”

ಅವರು ನಿಂತಲ್ಲೇ ನಿಂತರು. ಬೋರ್ಡ್ ನೋಡಿದರು, ಬುರುಡೆ ನೋಡಿದರು. ಮೀಸೆಯ ಅಂಚು ಅಲುಗಿತು. ಆದರೆ ನಗಲಿಲ್ಲ.

“ಅದು ಬರೀ ಬೀಜ ಕಣ್ರೀ. ರುಬ್ಬಿ ಹಾಲು ತೆಗೆದು ಎಳನೀರಿಗೆ ಬೆರೆಸ್ತಾಳೆ. ಅಮಲು ಗಿಮಲು ಏನೂ ಇರಲ್ಲ.”

“ಕುಡಿಸೋರೆಲ್ಲ ಹಾಗೇ ಹೇಳೋದು. ನನ್ನ ಎದೆ ಹೊಡ್ಕೋತಿದೆ. ಕಾರಣ ಇಲ್ದೆ ನಗು ಬರ್ತಿದೆ. ಈಗ ತಾನೇ ಒಂದು ಮೇಕೆ ನೋಡಿ ನಕ್ಕೆ.”

“ಮೇಕೆ ಏನಂತು?”

“ತಮಾಷೆ ಬೇಡ. ಇವತ್ತು ನಾನು ಉತ್ತರ ಹೇಳಲ್ಲ. ಅಮಲಲ್ಲಿ ಆಡಿದ ಮಾತಿಗೆ ಏನು ಬೆಲೆ?”

ಅವರು ಕುರ್ಚಿ ಎಳೆದುಕೊಂಡರು. ನನ್ನ ಮುಖಕ್ಕೆ ಬೀಳುತ್ತಿದ್ದ ಬಿಸಿಲನ್ನು ಒಂದು ಕ್ಷಣ ನೋಡಿ, ಅದಕ್ಕೆ ಬೆನ್ನು ಕೊಟ್ಟು ಅಡ್ಡ ಕೂತರು.

“ಸರಿ, ಇಳಿಯೋವರ್ಗೂ ಜೊತೇಲಿ ಕೂತಿರ್ತೀನಿ. ಇವತ್ತು ನೀವು ಏನೇ ಅಂದ್ರೂ ಲೆಕ್ಕಕ್ಕಿಲ್ಲ. ಬೈದ್ರೂ ಸರಿ.”

“ನಿಜವಾಗ್ಲೂ?”

“ಮಾತು ಅಂದ್ರೆ ಮಾತು.”

ಲೆಕ್ಕಕ್ಕಿಲ್ಲ ಎಂದ ಮೇಲೆ ನಾಲಿಗೆ ಹಗುರಾಯಿತು.

“ಜನ ಏನಂತಾರೋ ಅಂತ ಬೇರೆ ಬಸ್ಸಲ್ಲಿ ಬಂದೆ, ಹೌದು. ಆದ್ರೆ ನನ್ನ ಹೆದರಿಕೆ ಅದಲ್ಲ. ಒಬ್ಳೇ ಇದ್ದು ರೂಢಿಯಾಗ್ಬಿಟ್ಟಿದೆ. ರೇಡಿಯೋ ಜೊತೆ ಜಗಳ ಆಡ್ತೀನಿ. ಹಾಲು ಉಕ್ಕಿದ್ರೆ ಒಲೇನ ಬೈತೀನಿ. ದಿನಾ ಹತ್ತಿರದಿಂದ ನೋಡಿದ್ರೆ ನಿಮಗೆ ಬೇಜಾರಾಗುತ್ತೆ. ಆಮೇಲೆ ಒಂದಿನ ಕುರ್ಚಿ ಬಿಸಿಲಲ್ಲೇ ಇರುತ್ತೆ. ಅದನ್ನ ನಾನು ತಡ್ಕೊಳಲ್ಲ.”

ಬಿಸಿಲು ಸರಿದಂತೆ ಅವರೂ ಕುರ್ಚಿ ಸರಿಸಿ ಮತ್ತೆ ಅಡ್ಡವಾದರು.

“ಇನ್ನೊಂದು ಹೇಳ್ಬಿಡ್ತೀನಿ. ಹೋದ ಸಲ ಕೊಬ್ಬರಿ ಸರಿಯಾಗಿ ಒಣಗಿರ್ಲಿಲ್ಲ. ನಿಮ್ಮನ್ನ ನೋಡಬೇಕು ಅನ್ನಿಸ್ತು, ಅದಕ್ಕೆ ಹಾಗೇ ತಂದೆ.”

“ಗೊತ್ತಿತ್ತು,” ಎಂದರು ಮೆಲ್ಲಗೆ. “ಹಸಿ ಇತ್ತು. ಅಂಗಳದಲ್ಲಿ ಹರಡಿ ಒಣಗಿಸ್ಕೊಂಡೆ.”

ಅಷ್ಟರಲ್ಲಿ ಶರ್ಮಿಳಾ ಟೇಬಲ್ ಒರೆಸಲು ಬಂದಳು. “ಆಂಟಿ, ಮುಖ ಯಾಕೆ ಇಷ್ಟು ಕೆಂಪಗಾಗಿದೆ?”

“ನಿನ್ನ ಹೆಂಪು ಏರಿದೆಯಂತೆ,” ಎಂದರು ಅವರು.

“ಯಾವ ಹೆಂಪು? ಇವರ ಎದೆ ಮೇಲೆ ಕರಡಿಗೆ ಕಂಡೆ. ಬರೀ ಬೀಜಾನೇ ಆದ್ರೂ ಆ ಎಲೆ ಚಿತ್ರ ನೋಡಿ ಇವರ ಮನಸ್ಸು ಕಸಿವಿಸಿ ಆಗೋದು ಬೇಡ ಅಂತ ಏನೂ ಬೆರೆಸದೆ ಕೊಟ್ಟೆ.” ಬುರುಡೆ ಎತ್ತಿ ಬಗ್ಗಿಸಿದಳು. ತಳದಲ್ಲಿ ಉಳಿದಿದ್ದ ನಾಲ್ಕು ಹನಿ ಬಿತ್ತು, ತಿಳಿನೀರು. “ಅರಸೀಕೆರೆಯವರು ನೀವು. ಎಳನೀರಿನ ರುಚಿ ಗೊತ್ತಾಗ್ಲಿಲ್ವಾ?”

ಬುರುಡೆ ಎತ್ತಿಕೊಂಡು ಹೋದಳು. ಎಷ್ಟು ನಿರಾಳವಾಯಿತೆಂದರೆ, ಬಿಗಿ ಚಪ್ಪಲಿ ಬಿಚ್ಚಿ ತಣ್ಣನೆ ಕಲ್ಲಿನ ಮೇಲೆ ಕಾಲಿಟ್ಟ ಹಾಗಾಯಿತು. ಮರುಕ್ಷಣವೇ ನೆನಪಾಯಿತು. ಹಾಗಾದರೆ ಆಡಿದ್ದೆಲ್ಲಾ ನಾನೇ. ಎದೆ ಹೊಡೆದುಕೊಂಡಿದ್ದೂ, ನಗು ಬಂದದ್ದೂ, ಎಲ್ಲಾ ನನ್ನದೇ. ಈಗಲೂ ಹೊಡೆದುಕೊಳ್ಳುತ್ತಿತ್ತು.

ಅವರ ಮುಖ ನೋಡಲಾಗಲಿಲ್ಲ. ಅವರೂ ರಸ್ತೆ ಕಡೆ ನೋಡುತ್ತಿದ್ದರು.

“ನಾನು ಏನೂ ಕೇಳಿಸ್ಕೊಂಡಿಲ್ಲ,” ಎಂದರು. “ಲೆಕ್ಕಕ್ಕಿಲ್ಲ ಅಂದಿದ್ದೆ. ಉತ್ತರ ಇನ್ನೊಂದಿನ ಹೇಳಿ. ಅವಸರ ಏನಿಲ್ಲ.”

ನನಗೆ ನೆರಳಾಗಿ ಕೂತು ಅವರ ಕತ್ತು ಕೆಂಪಗೆ ಕಾದಿತ್ತು. ಪೌಡರೆಲ್ಲ ಬೆವರಲ್ಲಿ ಕರಗಿಹೋಗಿತ್ತು.

“ಸ್ವಲ್ಪ ಏಳಿ,” ಎಂದೆ.

ಎದ್ದರು. ನಾನು ನನ್ನ ಕುರ್ಚಿಯನ್ನು ಅಂಗಡಿ ಸೂರಿನ ನೆರಳಿಗೆ ಸರಿಸಿ, ಅವರ ಕುರ್ಚಿಯನ್ನೂ ಎತ್ತಿ ತಂದು ಅದರ ಪಕ್ಕಕ್ಕೆ ಇಟ್ಟೆ.

“ಕೂತ್ಕೊಳ್ಳಿ. ಲೆಕ್ಕಕ್ಕೆ ತಗೊಳ್ಳಿ.”

“ಯಾವುದನ್ನ?”

“ಮೇಕೆ ವಿಷಯ ಬಿಟ್ಟು, ಎಲ್ಲಾನೂ.”

ಪೂಜೆಯ ಹೊತ್ತಿಗೆ ನಾನು ಅರಸೀಕೆರೆ ಮುಟ್ಟಬೇಕಿತ್ತು. ಒಂದೇ ಬಸ್ಸಿಗೆ ಹತ್ತಿದೆವು.